ಕಂಪ್ಯೂಟರ್ ಜೋಡಿಸುವುದೋ, ರೆಡಿ ತರುವುದೋ? ಕಾರವಾರದಿಂದ ಶಿರಸಿ ತನಕದವರಿಗೆ

ನಮ್ಮ ಕಡೆ ಹೊಸ ಕಂಪ್ಯೂಟರ್ ಮಾತು ಬಂದರೆ ಮೊದಲು ಕೇಳುವುದು ಒಂದೇ: ಬಿಡಿಭಾಗ ತಂದು ನಾವೇ ಜೋಡಿಸಿದರೆ ಎಷ್ಟು ಉಳಿಯುತ್ತದೆ? ಬೆಂಗಳೂರಿನವರಿಗೆ ಆ ಪ್ರಶ್ನೆ ಸಾಕು. ಅವರಿಗೆ ಬಿಡಿಭಾಗದ ಅಂಗಡಿಗಳ ಎಸ್.ಪಿ. ರೋಡ್ ಇದೆ, ಬೆಳಿಗ್ಗೆ ಪವರ್ ಸಪ್ಲೈ (ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಪೆಟ್ಟಿಗೆ) ಕೆಟ್ಟರೆ ಸಂಜೆಯೊಳಗೆ ಬೇರೆ ಹಾಕಿಕೊಳ್ಳಬಹುದು. ನಾವು ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಇದು ಸತ್ತು ಕೂತರೆ ಯಾರು ನೋಡುತ್ತಾರೆ, ಭಾಗ ಎಲ್ಲಿಂದ ಬರುತ್ತದೆ, ಬರುವ ತನಕ ಕೆಲಸದ ಗತಿ ಏನು? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ತೀರ್ಮಾನ ಆದ ಹಾಗೆ. ಎರಡು ಮೂರು ಸಾವಿರದ ವ್ಯತ್ಯಾಸ ಆಮೇಲೆ ನೋಡೋಣ.

ಮೊದಲು, ಕೆಲಸ ಏನು ಅಂತ ಬರೆದಿಡಿ

ಬಾಯಲ್ಲಿ ಹೇಳುವುದಲ್ಲ, ಕಾಗದದ ಮೇಲೆ ಬರೆಯಿರಿ. "ಎಲ್ಲದಕ್ಕೂ ಆಗಬೇಕು" ಅನ್ನುವವರು ಕೊನೆಗೆ ಜಾಸ್ತಿ ಖರ್ಚು ಮಾಡಿ ಕಡಿಮೆ ಬಳಸುತ್ತಾರೆ.

ಅಂಗಡಿಯಲ್ಲಿ ಬಿಲ್ ಹಾಕುವುದು, ಟ್ಯಾಲಿಯಲ್ಲಿ ಲೆಕ್ಕ, ನುಡಿ ತಂತ್ರಾಂಶದಲ್ಲಿ ಪತ್ರ ಬರೆಯುವುದು, ಮಗಳ ಆನ್‌ಲೈನ್ ಕ್ಲಾಸು. ಇಷ್ಟೇ ಆದರೆ ಜೋಡಿಸುವ ಗೋಜಿಗೆ ಹೋಗಬೇಡಿ. ಸುಮ್ನೆ ಒಂದು ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ತನ್ನಿ. ಬಜೆಟ್ ಇನ್ನೂ ಕಡಿಮೆ ಇದ್ದರೆ ದೊಡ್ಡ ಕಂಪನಿಗಳ ಆಫೀಸಿನಿಂದ ಹೊರಬಿದ್ದ ರಿಫರ್ಬಿಶ್ಡ್ (ಹಳೆಯದನ್ನು ಸರಿಮಾಡಿ ಮಾರುವ) ಡಬ್ಬಿ ಸಾಕು. ಅದರಲ್ಲಿ ಒಂದೇ ವಿಷಯ ನೋಡಬೇಕು: ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ನಂತರದ್ದು, ರೈಜೆನ್ ಆದರೆ 2000 ಸರಣಿ (ಅದರಲ್ಲಿ 2200ಜಿ, 2400ಜಿ ಬಿಟ್ಟು) ಅಥವಾ ಅದರ ನಂತರದ್ದು. ಅದಕ್ಕಿಂತ ಹಳೆಯದನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. "ಐ7 ಇದೆ ಸಾರ್" ಅಂತ 4ನೇ ತಲೆಮಾರಿನದ್ದನ್ನು ದಾಟಿಸುವವರು ಇದ್ದಾರೆ, ಐ7 ಅನ್ನುವ ಹೆಸರಿಗೆ ಮರುಳಾಗಬೇಡಿ.

ಮದುವೆ ವಿಡಿಯೋ, ಇಡೀ ರಾತ್ರಿಯ ಯಕ್ಷಗಾನವನ್ನು ಎರಡು ಮೂರು ಕ್ಯಾಮೆರಾದಲ್ಲಿ ಹಿಡಿದು ಎಡಿಟ್ ಮಾಡುವುದು, ಕಟ್ಟಡದ ನಕ್ಷೆ, ಗೇಮಿಂಗ್, ಊರಲ್ಲೇ ಕೂತು ಸಾಫ್ಟ್‌ವೇರ್ ಕೆಲಸ. ಇಂಥದ್ದಾದರೆ ಜೋಡಿಸುವುದರಲ್ಲಿ ಅರ್ಥ ಇದೆ. ಇಲ್ಲಿ ಲಾಭ ದುಡ್ಡಿನದ್ದಕ್ಕಿಂತ ಜಾಸ್ತಿ ರಿಪೇರಿಯದ್ದು. ನೀವೇ ಆರಿಸಿದ ಮಷಿನ್‌ನಲ್ಲಿ ಪ್ರತಿ ಭಾಗವೂ ಎಲ್ಲ ಕಡೆ ಸಿಗುವ ಅಳತೆಯದ್ದು, ಒಂದು ಹೋದರೆ ಅದೊಂದನ್ನೇ ಬದಲಿಸಬಹುದು. ದೊಡ್ಡ ಕಂಪನಿಗಳ ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಹಾಗಲ್ಲ. ಪವರ್ ಸಪ್ಲೈಯ ಆಕಾರವೂ ಅವರದ್ದೇ, ಬೋರ್ಡಿಗೆ (ಎಲ್ಲ ಭಾಗ ಕೂರುವ ಮದರ್‌ಬೋರ್ಡಿಗೆ) ಹೋಗುವ ಪಿನ್ನೂ ಅವರದ್ದೇ. ವಾರಂಟಿ ಮುಗಿದ ಮೇಲೆ ಅದೇ ಭಾಗ ಹುಡುಕುತ್ತಾ ಕೂರಬೇಕು.

ಮೂರನೇ ದಾರಿಯೂ ಇದೆ, ನಮ್ಮಲ್ಲಿ ಬಹಳ ಜನರಿಗೆ ಹೊಂದುವುದು ಇದೇ. ಭಾಗಗಳನ್ನು ನೀವು ಆರಿಸಿ, ಜೋಡಿಸುವ ಕೆಲಸವನ್ನು ಅಂಗಡಿಯವರಿಗೆ ಬಿಡುವುದು. ಒಂದೇ ಷರತ್ತು, ಬಿಲ್ಲಿನಲ್ಲಿ "ಕಂಪ್ಯೂಟರ್ ಸೆಟ್ 1" ಅಂತ ಬರೆಸಿಕೊಂಡು ಬರಬಾರದು. ಪ್ರೊಸೆಸರ್, ಬೋರ್ಡ್, ರ‍್ಯಾಮ್ (ಮೆಮೊರಿ), ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಡಿಸ್ಕ್), ಪವರ್ ಸಪ್ಲೈ ಎಲ್ಲದರ ಮಾಡೆಲ್ ಮತ್ತು ಸೀರಿಯಲ್ ನಂಬರು ಬಿಲ್ಲಿನಲ್ಲಿ ಬೇರೆಬೇರೆಯಾಗಿ ಇರಬೇಕು. ಖಾಲಿ ಡಬ್ಬಿಗಳೂ ನಿಮಗೇ ಬರಬೇಕು. ಇದಕ್ಕೆ ಒಪ್ಪದ ಅಂಗಡಿ ಬಿಟ್ಟು ಮುಂದೆ ಹೋಗಿ.

ಎರಡನೆಯದು, ಸಮಸಮ ಹೋಲಿಸಿ

ರೆಡಿ ಮಷಿನ್‌ನ ಜಾಹೀರಾತಿನಲ್ಲಿ ಪ್ರೊಸೆಸರ್ ಹೆಸರು ದೊಡ್ಡದಾಗಿ ಇರುತ್ತದೆ, ಪವರ್ ಸಪ್ಲೈ ಯಾವುದು ಅಂತ ಇರುವುದೇ ಇಲ್ಲ. ಆದ್ದರಿಂದ ಒಳಗಿನ ಪ್ರತಿ ಭಾಗದ ಪೂರ್ತಿ ಹೆಸರು ಕೇಳಿ, ಅದೇ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಬಿಡಿಬಿಡಿಯಾಗಿ ಕೂಡಿಸಿ. ಕೋಲ್ಕತ್ತದ ಎಂಡಿ ಕಂಪ್ಯೂಟರ್ಸ್, ಮುಂಬೈನ ಪ್ರೈಮ್ ಎಬಿಜಿಬಿ ಥರದವರ ತಾಣದಲ್ಲಿ ಬೆಲೆ ಕಾಣುತ್ತದೆ, ಅಮೆಜಾನ್ ಅಂತೂ ಇದ್ದೇ ಇದೆ. ವಿಂಡೋಸ್ ಲೈಸೆನ್ಸ್ ಸೇರಿಸಲು ಮರೆಯಬೇಡಿ. ರೆಡಿ ಮಷಿನ್‌ನಲ್ಲಿ ಅದು ಸಾಮಾನ್ಯವಾಗಿ ಸೇರಿರುತ್ತದೆ, ಜೋಡಿಸಿದ್ದಕ್ಕೆ ಬೇರೆ ಕೊಳ್ಳಬೇಕು. ಲಿನಕ್ಸ್ ಹಾಕಿಕೊಳ್ಳುವವರಿಗೆ ಅದು ಉಳಿತಾಯ. ಕನ್ನಡ ಟೈಪಿಂಗ್‌ಗೆ ಕೆಜಿಪಿ ಕೀಲಿಮಣೆ ಅಲ್ಲೂ ಇದೆ, ಟ್ಯಾಲಿ ಮಾತ್ರ ವಿಂಡೋಸನ್ನೇ ಕೇಳುತ್ತದೆ.

ಜೋಡಿಸಿದರೆ ಯಾವಾಗಲೂ ಅಗ್ಗ ಅನ್ನುವ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನು ಬಾಚಿಕೊಳ್ಳುತ್ತಿವೆ, ಚಿಪ್ ಮಾಡುವವರಿಗೂ ಅಲ್ಲೇ ಲಾಭ. ಮೈಕ್ರಾನ್ ಕಂಪನಿಯಂತೂ ಜನ ಬಿಡಿಯಾಗಿ ಕೊಳ್ಳುತ್ತಿದ್ದ ಕ್ರೂಶಿಯಲ್ ರ‍್ಯಾಮ್, ಎಸ್‌ಎಸ್‌ಡಿ ವ್ಯಾಪಾರವನ್ನೇ ಬಿಡುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ಹೀಗೆ ಬೆಲೆ ಏರುವಾಗ ಅಂಗಡಿಯಲ್ಲಿ ಹಳೆಯ ರೇಟಿಗೆ ಬಂದು ಕೂತಿರುವ ರೆಡಿ ಮಷಿನ್ ಒಮ್ಮೊಮ್ಮೆ ಅಗ್ಗಕ್ಕೆ ಬೀಳುತ್ತದೆ. ಹಾಗಾಗಿ ಕೊಳ್ಳುವ ವಾರದಲ್ಲೇ ಎರಡೂ ಕಡೆಯ ಬೆಲೆ ಕೂಡಿಸಿ ನೋಡಿ. ಹೋದ ವರ್ಷದ ಯೂಟ್ಯೂಬ್ ವಿಡಿಯೋದ ಬಜೆಟ್ ನಂಬಿ ಹೊರಡಬೇಡಿ.

ಮೂರನೆಯದು, ಭಾಗ ಆರಿಸುವುದು

ಪ್ರೊಸೆಸರ್ ಬಗ್ಗೆ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಅಷ್ಟು ಬೇಕಿಲ್ಲ. ಬೋರ್ಡಿನ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಮತ್ತು ಪ್ರೊಸೆಸರ್ ಹೊಂದಬೇಕು, ಅಷ್ಟೇ. ರೈಜೆನ್ ಮಾಡುವ ಎಎಂಡಿಯಲ್ಲಿ ಈಗಿನ ಸಾಕೆಟ್ ಎಎಂ5, 2022ರಲ್ಲಿ ಬಂದದ್ದು, 2027 ಮತ್ತು ಅದರ ಮುಂದಕ್ಕೂ ಬೆಂಬಲ ಇರುತ್ತದೆ ಅಂತ ಕಂಪನಿಯೇ ಹೇಳಿದೆ. ಹಳೆಯ ಎಎಂ4 ಇನ್ನೂ ಸಿಗುತ್ತದೆ, ಅದು ಡಿಡಿಆರ್4 ರ‍್ಯಾಮಿನದ್ದು. ಎಎಂ5ಕ್ಕೆ ಡಿಡಿಆರ್5 ಬೇಕು. ಎರಡರ ಕಚ್ಚು ಬೇರೆ ಜಾಗದಲ್ಲಿ ಇರುತ್ತದೆ, ಒತ್ತಿ ಕೂರಿಸಲು ಹೋದರೆ ಮುರಿಯುತ್ತದೆ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ "ಎಫ್" ಇದ್ದರೆ ಅದರಲ್ಲಿ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಬರುವುದಿಲ್ಲ. ಎಎಂ5ರ ಎಫ್ ಮಾಡೆಲ್‌ಗಳೂ ಹಾಗೇ. ಒಳಗೇ ಗ್ರಾಫಿಕ್ಸ್ ಇರುವುದನ್ನು ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ, ಸ್ವಲ್ಪ ದುಡ್ಡು ಹೆಚ್ಚಾದರೂ ಪರವಾಗಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಟ್ಟು ವಾರಂಟಿಗೆ ಹೋಗಿ ವಾರಗಟ್ಟಲೆ ಬಾರದೆ ಇದ್ದರೆ ಅದರಲ್ಲೇ ದಿನದ ಕೆಲಸ ನಡೆಯುತ್ತದೆ.

ಪವರ್ ಸಪ್ಲೈ ಮಾತ್ರ ನಿಧಾನಕ್ಕೆ ನೋಡಿ ಆರಿಸುವ ವಸ್ತು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಹಾಕಬೇಡಿ. ಅದರ ಮೈಮೇಲಿನ ಚೀಟಿ ಓದಿ: ಒಳಬರುವ ವೋಲ್ಟೇಜ್ 100ರಿಂದ 240 ಅಂತ ಬರೆದಿದೆಯೋ, 200ರಿಂದ 240 ಅಂತಲೋ? ಸಂಜೆ ಎಲ್ಲರ ಮನೆಯ ಪಂಪು, ಫ್ಯಾನು ಒಟ್ಟಿಗೆ ತಿರುಗುವಾಗ ಲೈನಿನ ಕೊನೆಯ ಮನೆಯಲ್ಲಿ ಬಲ್ಬು ಕೆಂಪಗಾಗುತ್ತದೆ ಅಲ್ವಾ? ಆಗ ಎರಡನೆಯದು ಕೈಕೊಡುತ್ತದೆ, ಮೊದಲನೆಯದು ನಿಲ್ಲುತ್ತದೆ. ಕರೆಂಟು ಕಡಿಮೆ ಪೋಲಾಗುತ್ತದೆ ಅನ್ನುವ 80 ಪ್ಲಸ್ ಗುರುತು ಇರಲಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷಿನ್‌ಗೆ 450 ವಾಟ್ ಧಾರಾಳ, ಸಾಧಾರಣ ಕಾರ್ಡಿಗೆ 550ರಿಂದ 650. ಐದು ವರ್ಷ ಅಥವಾ ಜಾಸ್ತಿ ವಾರಂಟಿ ಕೊಡುವ ಮಾಡೆಲ್ ಆರಿಸಿ.

ಕ್ಯಾಬಿನೆಟ್ ವಿಷಯದಲ್ಲಿ ನಮ್ಮ ಕರಾವಳಿಗೆ ಬೇರೆಯೇ ಲೆಕ್ಕ. ಬಣ್ಣದ ಲೈಟು, ಗಾಜಿನ ಬಾಗಿಲು ನಿಮ್ಮ ಇಷ್ಟ, ಆದರೆ ಮುಂದೆ ಮತ್ತು ಕೆಳಗೆ ಬಿಚ್ಚಿ ತೊಳೆಯುವ ಜಾಳಿಗೆ ಇರಲೇಬೇಕು. ಹಿಂದಿನ ಖಾಲಿ ಕಿಂಡಿಗಳ ತಗಡು ಕಿತ್ತು ಬಿಸಾಡಬೇಡಿ. ತೆರೆದ ಕಿಂಡಿಯಲ್ಲಿ ಹಲ್ಲಿ ಒಳಗೆ ಹೋಗುತ್ತದೆ, ಬಿಸಿ ಇದೆ ಅಂತ ಇರುವೆ ಮೊಟ್ಟೆಸಮೇತ ಸಂಸಾರ ಹೂಡುತ್ತದೆ. ಹಲ್ಲಿ ಬೋರ್ಡಿನ ಮೇಲೆ ಶಾರ್ಟ್ ಆದರೆ ವಾರಂಟಿ ಸಿಗುವುದಿಲ್ಲ, ಹೇಳಿಯೂ ಪ್ರಯೋಜನ ಇಲ್ಲ.

ನಾಲ್ಕನೆಯದು, ಯಾವಾಗ ಮತ್ತು ಹೇಗೆ ತರಿಸುವುದು

ಮೇ ಮೊದಲ ವಾರದೊಳಗೆ ಮುಗಿಸಿ, ಇಲ್ಲವಾದರೆ ದಸರೆಯ ತನಕ ತಡೆಯಿರಿ. ಮಳೆ ಶುರುವಾದ ಮೇಲೆ ದೇವಿಮನೆ, ಅರೆಬೈಲು ಘಟ್ಟ ಯಾವಾಗ ಬಂದ್ ಆಗುತ್ತದೆ ಅಂತ ಹೇಳಲಾಗದು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿತ್ತು. ಅಂಥ ಹೊತ್ತಲ್ಲಿ ಪಾರ್ಸೆಲ್ ಯಾವುದೋ ಗೋದಾಮಿನ ನೆಲದ ಮೇಲೆ ತೇವ ಹೀರುತ್ತಾ ಕೂತಿರುತ್ತದೆ, ನಿಮ್ಮ ಕೈಗೆ ಬರುವ ಹೊತ್ತಿಗೆ ವಾಪಸ್ ಮಾಡುವ ಅವಧಿಯೂ ಮುಗಿದಿರುತ್ತದೆ.

ಎಲ್ಲ ಭಾಗವನ್ನೂ ಒಂದೇ ವಾರದಲ್ಲಿ ತರಿಸಿ. ಬೋರ್ಡ್ ಇವತ್ತು, ಪ್ರೊಸೆಸರ್ ಮುಂದಿನ ತಿಂಗಳು ಅಂತ ಕಂತಿನಲ್ಲಿ ಕೊಂಡರೆ ಬೋರ್ಡ್ ಕೆಟ್ಟದ್ದು ಅಂತ ಗೊತ್ತಾಗುವುದು ಪ್ರೊಸೆಸರ್ ಬಂದ ಮೇಲೆ. ಪಾರ್ಸೆಲ್ ಒಡೆಯುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ, ಸೀಲ್‌ನಿಂದ ಹಿಡಿದು ಸೀರಿಯಲ್ ನಂಬರಿನ ತನಕ, ಎಲ್ಲೂ ಕತ್ತರಿಸದೆ. ಪ್ರೊಸೆಸರ್ ಬಾಕ್ಸ್ ಸಮೇತ ಬರುವುದನ್ನೇ ಕೊಳ್ಳಿ, ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ. ಬಾಕ್ಸ್ ಇಲ್ಲದ ಟ್ರೇ ಪ್ರೊಸೆಸರಿಗೆ ಸಾಮಾನ್ಯವಾಗಿ ಮಾರಿದವನೇ ಗತಿ. ಜಿಎಸ್‌ಟಿ ಬಿಲ್ ಬೇಡ ಅಂದರೆ ಕಡಿಮೆ ಮಾಡಿಕೊಡುತ್ತೇನೆ ಅನ್ನುವವರಿಗೆ ಕೈ ಮುಗಿದು ಬನ್ನಿ.

ಬೆಂಗಳೂರಿನಲ್ಲಿ ಮಗನೋ ತಂಗಿಯೋ ಇದ್ದರೆ ಎಸ್.ಪಿ. ರೋಡಿನಲ್ಲಿ ಕೊಡಿಸಿ ರಾತ್ರಿಯ ಪಂಚಗಂಗಾ ರೈಲಿನಲ್ಲಿ ಕೈಯಲ್ಲೇ ತರುವುದು ಒಳ್ಳೆಯದು. ಕಾರವಾರದವರಿಗೆ ಮಡಗಾಂವ್, ಶಿರಸಿಯವರಿಗೆ ಹುಬ್ಬಳ್ಳಿ ಹತ್ತಿರ. ಜೋಡಿಸಿದ ಮಷಿನ್ನನ್ನು ಬಸ್ಸಿನಲ್ಲೋ ಕಾರಿನಲ್ಲೋ ತರುವುದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಡಬ್ಬಿಯಲ್ಲಿ ಹಾಕಿ, ಕ್ಯಾಬಿನೆಟ್ಟನ್ನು ಬೋರ್ಡ್ ಕೆಳಗೆ ಬರುವ ಹಾಗೆ ಮಲಗಿಸಿ. ಘಟ್ಟದ ತಿರುವು, ಹೊಂಡ ಎರಡೂ ಸೇರಿ ಭಾರದ ಕಾರ್ಡು ತನ್ನ ಸ್ಲಾಟನ್ನೇ ಕಿತ್ತುಹಾಕುತ್ತದೆ.

ಐದನೆಯದು, ಜೋಡಿಸುವುದು

ಇದು ಜನ ಹೆದರುವಷ್ಟು ಕಷ್ಟದ ಕೆಲಸ ಅಲ್ಲ. ಸ್ಕ್ರೂ ಡ್ರೈವರ್ ಒಂದು, ಒಳ್ಳೆಯ ಬೆಳಕು, ಪುರುಸೊತ್ತಿನ ಮಧ್ಯಾಹ್ನ, ಇಷ್ಟು ಸಾಕು. ಮೈಯ ಸ್ಥಿರ ವಿದ್ಯುತ್ತಿನಿಂದ ಚಿಪ್ ಸುಡುತ್ತದೆ ಅಂತ ಹೆದರಿಸುತ್ತಾರೆ. ನಮ್ಮ ತೇವದ ಗಾಳಿಯಲ್ಲಿ ಅದು ಬಹಳ ಕಡಿಮೆ, ಡಿಸೆಂಬರಿನ ಶಿರಸಿಯ ಒಣ ಚಳಿಯಲ್ಲಿ ಸ್ವಲ್ಪ ಎಚ್ಚರ ಬೇಕು. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಕಬ್ಬಿಣ ಮುಟ್ಟಿ ಶುರು ಮಾಡಿ, ಸಾಕು. ನಮಗೆ ಅದಕ್ಕಿಂತ ದೊಡ್ಡ ಶತ್ರು ಬೆವರು. ಫ್ಯಾನಿನ ಕೆಳಗೆ ಕೂತು, ಕೈ ಒರೆಸಿಕೊಂಡು, ಬೋರ್ಡನ್ನು ಅಂಚಿನಲ್ಲೇ ಹಿಡಿಯಿರಿ.

ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೆ ಇಟ್ಟು ಪ್ರೊಸೆಸರ್ ಕೂರಿಸಿ. ಮೂಲೆಯ ತ್ರಿಕೋನ ಗುರುತು ಹೊಂದಿಸಿ ಮೆಲ್ಲಗೆ ಬಿಟ್ಟರೆ ತಾನೇ ಕೂರುತ್ತದೆ, ಒತ್ತಬಾರದು. ಎಎಂ5 ಮತ್ತು ಇಂಟೆಲ್‌ನಲ್ಲಿ ಪಿನ್ನು ಇರುವುದು ಬೋರ್ಡಿನಲ್ಲಿ, ಅದರ ಮೇಲೆ ಬೆರಳು ತಾಗಬಾರದು, ಬಗ್ಗಿದರೆ ಬೋರ್ಡಿನ ಕಥೆ ಮುಗಿದ ಹಾಗೇ. ನಾಲ್ಕು ಸ್ಲಾಟ್ ಇದ್ದು ಎರಡು ರ‍್ಯಾಮ್ ಹಾಕುವುದಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಎಂ.2 ಎಸ್‌ಎಸ್‌ಡಿಯನ್ನು (ಬೋರ್ಡಿಗೇ ಕೂರುವ ಪಟ್ಟಿಯಂಥದ್ದು) ಓರೆಯಾಗಿ ತೂರಿಸಿ ಕೆಳಗೆ ಒತ್ತಿ ಸ್ಕ್ರೂ ಹಾಕಿ. ಕೂಲರಿನ (ಪ್ರೊಸೆಸರ್ ತಂಪಾಗಿಡುವ ಫ್ಯಾನಿನ) ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತು ತೆಗೆಯಿರಿ. ಪ್ರೊಸೆಸರ್ ಜೊತೆ ಬಂದ ಕೂಲರಿಗೆ ಬಿಸಿ ದಾಟಿಸುವ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಮತ್ತೆ ಹಚ್ಚುವುದು ಬೇಡ.

ಇಲ್ಲೇ ನಿಂತು ಒಮ್ಮೆ ಪರೀಕ್ಷೆ ಮಾಡಿ. ಪವರ್ ಸಪ್ಲೈಯ 24 ಪಿನ್ನಿನ ದೊಡ್ಡ ತಂತಿ, ಪ್ರೊಸೆಸರಿನ 8 ಪಿನ್ನಿನದ್ದು ಎರಡನ್ನೂ ಚುಚ್ಚಿ, ಬೋರ್ಡಿನಲ್ಲಿ ಪವರ್ ಬಟನ್ನಿನ ತಂತಿ ಕೂರುವ ಎರಡು ಪಿನ್ನುಗಳನ್ನು ಸ್ಕ್ರೂ ಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಆನ್ ಆಗಬೇಕು. ಡಿಡಿಆರ್5 ಆದರೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ, ರ‍್ಯಾಮನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಲ್ಲಿ ಆಫ್ ಮಾಡಬೇಡಿ. ಕ್ಯಾಬಿನೆಟ್ಟಿಗೆ ಏರಿಸುವ ಮೊದಲೇ ಹೀಗೆ ನೋಡಿಕೊಂಡರೆ ಕೆಟ್ಟ ಭಾಗ ಯಾವುದು ಅಂತ ಬೇಗ ಗೊತ್ತಾಗುತ್ತದೆ.

ಆಮೇಲೆ ಕ್ಯಾಬಿನೆಟ್. ಹಿಂದಿನ ತಗಡಿನ ಚೌಕಟ್ಟು ಮೊದಲು, ಬೋರ್ಡನ್ನು ಎತ್ತರಿಸಿ ಹಿಡಿಯುವ ಹಿತ್ತಾಳೆಯ ಗುಬುಟುಗಳು ಬೋರ್ಡಿನ ತೂತಿಗೆ ಸರಿಯಾಗಿ ಇವೆಯೋ ನೋಡಿ, ತೂತಿಲ್ಲದ ಕಡೆ ಒಂದು ಉಳಿದರೂ ಶಾರ್ಟ್. ಗ್ರಾಫಿಕ್ಸ್ ಕಾರ್ಡಿನ 8 ಪಿನ್ನು, ಪ್ರೊಸೆಸರಿನ 8 ಪಿನ್ನು ನೋಡಲು ಒಂದೇ ಥರ, ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. ಪವರ್ ಸಪ್ಲೈಯ ತಂತಿ ಬಿಚ್ಚಿ ಹಾಕುವ ಥರದ್ದಾದರೆ ಬೇರೆ ಕಂಪನಿಯ ತಂತಿ ಬಳಸಲೇಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ಜೋಡಣೆ ಬೇರೆ ಇರುತ್ತದೆ, ಡಿಸ್ಕ್‌ಗಳು ಸುಟ್ಟುಹೋಗುತ್ತವೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಪರದೆಯ ಎಚ್‌ಡಿಎಂಐ ತಂತಿ ಕಾರ್ಡಿಗೆ ಚುಚ್ಚಿ, ಬೋರ್ಡಿಗಲ್ಲ.

ಬಯಾಸ್ (ಬೋರ್ಡಿನ ಸ್ವಂತ ಸೆಟ್ಟಿಂಗ್) ಒಳಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವುದನ್ನು ಆನ್ ಮಾಡಿ, ಇಲ್ಲದಿದ್ದರೆ ದುಡ್ಡು ಕೊಟ್ಟ ವೇಗದಲ್ಲಿ ರ‍್ಯಾಮ್ ಓಡುವುದಿಲ್ಲ. ಇಂಟೆಲ್ 13, 14ನೇ ತಲೆಮಾರಿನ ಪ್ರೊಸೆಸರ್ ಹಾಕಿದ್ದರೆ ಬಯಾಸ್ ಅಪ್‌ಡೇಟ್ ಕಡ್ಡಾಯ. ಅತಿ ವೋಲ್ಟೇಜಿನಿಂದ ಅವು ಹಾಳಾಗುವ ತೊಂದರೆಗೆ 2024ರಲ್ಲಿ ಇಂಟೆಲ್ ಪರಿಹಾರ ಕೊಟ್ಟಿದ್ದು ಅದರಲ್ಲೇ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ. ಮೊದಲ ವಾರದಲ್ಲಿ ಎಷ್ಟು ಗೋಳು ಹೊಯ್ದುಕೊಳ್ಳಲು ಆಗುತ್ತದೋ ಅಷ್ಟು ಹೊಯ್ದುಕೊಳ್ಳಿ, ವಾಪಸ್ ಮಾಡುವ ಅವಧಿ ಇರುವುದು ಆಗಲೇ.

ಕೊನೆಗೆ, ತೇವ ಮತ್ತು ಕರೆಂಟು

ಇದು ಜೋಡಿಸಿದವರಿಗೂ ರೆಡಿ ತಂದವರಿಗೂ ಒಂದೇ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಅದರ ಮೇಲೆ ಸಮುದ್ರದ ಗಾಳಿಯ ಉಪ್ಪು. ಉಪ್ಪು ಗಾಳಿಯ ನೀರು ಎಳೆದುಕೊಳ್ಳುತ್ತದೆ, ಧೂಳಿನ ಜೊತೆ ಸೇರಿ ಬೋರ್ಡಿನ ಮೇಲೆ ವಿದ್ಯುತ್ ಹರಿಯುವ ಪದರ ಕಟ್ಟುತ್ತದೆ, ಪಿನ್ನುಗಳಿಗೆ ಹಸಿರು ಕಿಲುಬು ಬರುತ್ತದೆ. ಇದಕ್ಕೆ ಮದ್ದು ದಿನಾ ಬಳಸುವುದು. ಓಡುವ ಮಷಿನ್ ಬೆಚ್ಚಗಿರುತ್ತದೆ, ಒಳಗಿನ ತೇವ ಇಳಿಯುತ್ತದೆ. ಮಳೆಗಾಲದಲ್ಲಿ ಬಟ್ಟೆ ಮುಚ್ಚಿ ಜೋಪಾನ ಮಾಡಿದ ಕಂಪ್ಯೂಟರೇ ಮೊದಲು ಹಾಳಾಗುವುದು. ಬಳಸದಿದ್ದರೂ ದಿನಕ್ಕೆ ಒಂದು ಗಂಟೆ ಆನ್ ಮಾಡಿಡಿ. ಕಡಲ ಕಡೆಯ ಕಿಟಕಿಯ ಪಕ್ಕ, ಚಿರೆಕಲ್ಲಿನ ಹಸಿಗೋಡೆಗೆ ತಾಗಿಸಿ, ನೆಲದ ಮೇಲೆ, ಈ ಮೂರೂ ಕಡೆ ಇಡಬಾರದು. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಒಮ್ಮೆ ಬಿಚ್ಚಿ ಬ್ರಷ್ಷಿನಿಂದ ಧೂಳು ತೆಗೆದು, ರ‍್ಯಾಮಿನ ಹಲ್ಲುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಆನ್ ಆಗದ ಮಷಿನ್ ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತದೆ.

ಮನೆಯ ಇನ್ವರ್ಟರ್ ಸಾಕಾಗುತ್ತದೋ ಅಂತ ಬಹಳ ಜನ ಕೇಳುತ್ತಾರೆ. ಸೈನ್ ವೇವ್ ಇನ್ವರ್ಟರ್ ಆದರೆ ಸಾಕು, ಆದರೆ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇರಬೇಕು. ಇನ್ನೊಂದು ಮೋಡ್‌ನಲ್ಲಿ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ಆಫ್ ಆಗಿಬಿಡುತ್ತದೆ. ತೊಂದರೆ ಏನೆಂದರೆ ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಅದು ಬ್ಯಾಟರಿಗೆ ಹೋಗುತ್ತದೆ. ತೋಟದ ನಡುವಿನ ಮನೆಯಲ್ಲಿ ಹೀಗೆ ದಿನವಿಡೀ ಬ್ಯಾಟರಿ ಇಳಿಯುತ್ತಲೇ ಇದ್ದರೆ ಮೊದಲು ಸ್ಟೆಬಿಲೈಸರ್ ಹಾಕಿಸಿ. ಬೇರೆ ಯುಪಿಎಸ್ ಕೊಳ್ಳುವುದಾದರೆ 600 ವಿಎಯದ್ದು ಸುಮಾರು 360 ವಾಟ್ ಮಾತ್ರ ತಡೆಯುತ್ತದೆ, ಗ್ರಾಫಿಕ್ಸ್ ಕಾರ್ಡ್ ಇದ್ದರೆ 1000 ವಿಎಯಿಂದ ಶುರು ಮಾಡಿ.

ಅರ್ಥಿಂಗ್ ನೋಡಿಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ವಿದ್ಯುತ್ ಇಳಿಯಲು ದಾರಿ ಕೊಡುವುದಿಲ್ಲ, ಇದ್ದಿಲು ಉಪ್ಪು ಹಾಕಿದ ಗುಂಡಿಗೆ ಆಗಾಗ ನೀರು ಬಿಡಬೇಕು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಂ ಅಂದರೆ ಅರ್ಥಿಂಗ್ ಇಲ್ಲ ಅಂತಲೇ ಲೆಕ್ಕ. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು, ರೌಟರಿನಿಂದ ಬರುವ ಲ್ಯಾನ್ ತಂತಿಯನ್ನು ಬಿಟ್ಟೇಬಿಡುತ್ತಾರೆ. ಸಿಡಿಲು ಅದರಲ್ಲೂ ಬರುತ್ತದೆ. ಅದನ್ನೂ ಕೀಳಿ.

ರೆಡಿ ಮಷಿನ್ ಕೊಳ್ಳುವವರಿಗೆ ಇನ್ನೊಂದು ಕೆಲಸ ಬಾಕಿ. ಡಬ್ಬಿಯ ಮೇಲೆ "ಆನ್‌ಸೈಟ್ ವಾರಂಟಿ" ಅಂತ ಇದ್ದರೆ ದುಡ್ಡು ಕೊಡುವ ಮುಂಚೆ ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ. ಮನೆಗೇ ಬರುತ್ತಾರೋ, ಹುಬ್ಬಳ್ಳಿಗೆ ಹೊತ್ತುಕೊಂಡು ಬನ್ನಿ ಅನ್ನುತ್ತಾರೋ, ಎಷ್ಟು ದಿನ ಬೇಕು ಅಂತ ಕೇಳಿ. ಅದನ್ನೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆಮೇಲೆ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಆ ಇಮೇಲ್ ಕೈಯಲ್ಲಿ ಇರಬೇಕು.